ಇಮ್ಮಡಿ

ಸ್ಕಾರ್ಬರೊ. ಕಡಲಿಗೆ ಬೆನ್ನು ಕೊಟ್ಟ ಹೋಟೆಲಿನ ನೆಲಮಾಳಿಗೆ.
ಶನಿವಾರ ಶಾಲೆಯಿಲ್ಲ, ಮೇದಿನಿಯನ್ನು ಬಿಡಲು ಬೇರೆ ಜಾಗವೂ ಇಲ್ಲ.
ಇಸ್ತ್ರಿ ಮೇಜಿನ ತುದಿಯಲ್ಲಿ ಅವಳ ಗಣಿತದ ಪುಸ್ತಕ,
ಅದರಲ್ಲಿ ನಿನ್ನೆಯ ಹಸಿರು ಶಾಯಿಯ ಗೀಟು:
ಎರಡರ ತಲೆಯ ಮೇಲೆ ಕೂತ ಪುಟ್ಟ ಮೂರಕ್ಕೆ
ಇವಳು ಬರೆದ ಉತ್ತರ ಆರು.

"ಎರಡ ಮೂರಲೆ ಆರು. ಅಮ್ಮಾ, ನೀನೇ ಹೇಳಿಕೊಟ್ಟಿದ್ದು."

ಬಾಯಲ್ಲಿ ಉತ್ತರ ಇರಲಿಲ್ಲ, ಕೈಯಲ್ಲಿ ಬೆಡ್‌ಶೀಟು ಇತ್ತು.
ಆ ತುದಿಗೆ ಪಾಲಿನ್, ಈ ತುದಿಗೆ ನಾನು.
ಎಣಿಸು, ಅಂದೆ.
ಮೂಲೆಗೆ ಮೂಲೆ ಕೂಡಿಸಿದೆವು. ಎರಡು ಪದರ.
ಮತ್ತೆ. ನಾಲ್ಕು.
ಮತ್ತೆ (ಈಗ ಪಾಲಿನ್ ಬಾಯಿಯ ಪೆಪ್ಪರ್‌ಮಿಂಟು
ನನ್ನ ಮೂಗಿಗೆ ಬರುವಷ್ಟು ಹತ್ತಿರ)
ಮೇದಿನಿ ಅಂಚಿಗೆ ಹೆಬ್ಬೆರಳು ತೂರಿಸಿ
ನೋಟು ಎಣಿಸುವ ಹಾಗೆ ಎಣಿಸಿದಳು.
ಏಳು. ಅಲ್ಲ, ಎಂಟು.
ನಂಬಿಕೆ ಬಾರದೆ ಇನ್ನೊಮ್ಮೆ. ಎಂಟು.

ಒಂದೊಂದು ಮಡಿಕೆಯೂ, ಮಗಳೇ,
ಅಲ್ಲಿಯ ತನಕ ಆದದ್ದನ್ನೆಲ್ಲ ಇಮ್ಮಡಿ ಮಾಡುತ್ತದೆ.
ಒಗೆದರೂ ಮಡಿ, ಮಡಚಿದರೂ ಮಡಿ,
ನಮ್ಮ ಭಾಷೆಗೆ ಈ ಲೆಕ್ಕ ಮೊದಲೇ ಗೊತ್ತಿತ್ತೇನೋ.
ನನಗೆ ಮಾತ್ರ ಹತ್ತನೇ ಕ್ಲಾಸಿನಲ್ಲಿ ಮೂವತ್ತಾರು ಬಂತು.

ಆರನೆಯ ಮಡಿಕೆಗೆ ಶೀಟು ದಿಂಬಾಯಿತು.
ಏಳನೆಯದಕ್ಕೆ ಮೂವರೂ ಅದರ ಮೇಲೆ ಕೂತೆವು.
ಕೂತಾಗ ಏಳು, ಎದ್ದರೆ ಆರು.

"ಹಾಗಾದ್ರೆ ಪವರ್ ಜೀರೊ ಅಂದ್ರೆ?"

ಗದಗಿನಲ್ಲಿ ಅದು ದಿನಾ ಸಂಜೆ ಬರುತ್ತಿತ್ತು,
ಆಗ ಮನೆಯಲ್ಲಿ ಉಳಿಯುತ್ತಿದ್ದುದು ಒಂದು ಚಿಮಣಿ.
ಅದನ್ನು ಹೇಳಲಿಲ್ಲ.
ಡ್ರೈಯರಿನಿಂದ ಇನ್ನೊಂದು ಶೀಟು ಎಳೆದು
ಮಡಚದೆ ಹಿಡಿದೆ, ಬಿಸಿಬಿಸಿ, ಅಷ್ಟಗಲ.
ಸೊನ್ನೆ ಮಡಿಕೆ. ಎಷ್ಟಿದೆ?
ಏನೂ ಇಲ್ಲ ಅನ್ನಲು ಬಾಯಿ ತೆರೆದವಳು
ಅದರ ಹಿಂದೆ ನಾನು ಕಾಣದಾದದ್ದನ್ನು ನೋಡಿ
"ಒಂದು" ಅಂದಳು.

ಪಾಲಿನ್‌ಗೆ ನಮ್ಮ ಮಾತು ತಿಳಿಯದು.
ಸವೆದು ಜಾಲರಿಯಾದ ಹಳೆಯ ಶೀಟೊಂದನ್ನು
ಒರೆಸುಬಟ್ಟೆಗೆಂದು ಚರ್ರನೆ ಹರಿದಳು. ಅರ್ಧ.
ಮತ್ತೆ ಚರ್ರ್. ಕಾಲು.
ಮೇದಿನಿ ಪೆನ್ಸಿಲು ಕಚ್ಚಿಕೊಂಡು ನೋಡುತ್ತಲೇ ಇದ್ದಳು.
ಆಮೇಲೆ ಪುಸ್ತಕಕ್ಕೆ ಬಾಗಿ,
ಎರಡರ ತಲೆಯ ಮೇಲಿನ ಆ ಪುಟ್ಟ ಮೂರರ ಎಡಕ್ಕೆ
ಒಂದು ಸಣ್ಣ ಅಡ್ಡಗೆರೆ ಎಳೆದು,
ಪಾಲಿನ್ ಮೂರನೆಯ ಸಲ ಹರಿಯಲೆಂದು ಕಾದಳು.