ನಾಲ್ಕೂವರೆ ನಕ್ಷತ್ರ

ಕಿಸುಮುವಿನಲ್ಲಿ ಕರೆಂಟು ಹೋಗುವ ಮೊದಲೇ
ಜೂಜಿನ ತಾಣವೊಂದನ್ನು ತೂಗಿ ಮುಗಿಸಬೇಕು ನಾನು.
ಎಂಟುನೂರು ಪದಕ್ಕೆ ಒಂಬೈನೂರು ಶಿಲಿಂಗು ಕೂಲಿ.
ಕೊಡುವವನು ಯಾವುದೋ ದ್ವೀಪದಲ್ಲಿದ್ದಾನೆ,
ಮುಖ ನೋಡಿದವಳಲ್ಲ;
ಅಲ್ಪವಿರಾಮಕ್ಕೂ ಲೆಕ್ಕ ಕೇಳುತ್ತಾನೆ.

ಮೊದಲು ಗುಣ.
ಬೇಗ ತೆರೆಯುತ್ತದೆ. ಹಳೇ ಫೋನಿನಲ್ಲೂ,
ಬಿರುಕುಬಿಟ್ಟ ಗಾಜಿನಡಿಯಲ್ಲೂ
ಹಸಿರಾಗಿ ಹರಡಿಕೊಳ್ಳುತ್ತದೆ ಮೈದಾನ.
ಇಂಗ್ಲೆಂಡಿನ ಪಂದ್ಯ, ಟರ್ಕಿಯ ಪಂದ್ಯ,
ಹೆಸರು ಹೇಳಲು ನಾಲಿಗೆ ಹೊರಳದ ಊರಿನ
ಶಾಲೆಹುಡುಗಿಯರ ವಾಲಿಬಾಲು.
ಸರಿರಾತ್ರಿಯಲ್ಲೂ ಲೋಕದ ಯಾವುದೋ ಮೂಲೆಯಲ್ಲಿ
ಒಂದು ಚೆಂಡು ಗಾಳಿಯಲ್ಲಿರುತ್ತದೆ.
ಹತ್ತು ಶಿಲಿಂಗಿನಿಂದ ಪಣ:
ಒಂದು ಮಂದಾಜಿಯ ಬೆಲೆ, ಬಿಸಿಯಿದ್ದರೆ.

ಪರೀಕ್ಷೆಗೆಂದು ಇನ್ನೂರು ಕಟ್ಟಿದೆ.
ಮುನ್ನೂರ ನಲವತ್ತಾಯಿತು.
ತೆಗೆದರೆ, ನಾಲ್ಕೇ ನಿಮಿಷಕ್ಕೆ ಫೋನಿಗೆ ಬಂದು ಬಿತ್ತು.
ಚಿಕ್ಕಪ್ಪ ನಮ್ಮ ದೋಣಿಯ ದುಡ್ಡು ಹಿಂದಿರುಗಿಸಲು
ನಾಲ್ಕು ವರ್ಷ ತೆಗೆದುಕೊಂಡಿದ್ದ.
ಬರೆದೆ: ನಂಬಬಹುದು.

(ಗೆದ್ದಾಗ ಎದೆ ಧಸಕ್ಕೆಂದದ್ದನ್ನು
ಯಾವ ಕಾಲಮ್ಮಿಗೆ ಹಾಕುವುದೆಂದು ತಿಳಿಯದೆ
ಬಿಟ್ಟೆ.)

ಇನ್ನು ದೋಷ.
ಸಮಸಮ ಪಂದ್ಯದಲ್ಲಿ ನೂರಕ್ಕೆ ಇನ್ನೂರು ಬರಬೇಕು,
ಇವರು ಕೊಡುವುದು ನೂರ ಎಂಬತ್ತು.
ಅಮ್ಮ ದುಂಗಾ ದಡದಲ್ಲಿ ಮೀನು ತೂಗುವವಳು,
ಒಂದು ಅಕ್ಷರ ಓದಿದವಳಲ್ಲ. ಕೇಳಿ ನಕ್ಕಳು:
"ತಕ್ಕಡಿಗೂ ಮುಳ್ಳು, ಮೀನಿಗೂ ಮುಳ್ಳು, ಅಪೊಂಡಿ.
ನೀನು ಮುಳ್ಳು ನೋಡಬೇಡ,
ತಟ್ಟೆಯ ಕೆಳಗಿನ ಹೆಬ್ಬೆರಳು ನೋಡು."

ಸಹಾಯಕ್ಕೆ ಮರ್ಸಿ ಎಂಬವಳಿದ್ದಾಳೆ,
ಅಥವಾ ಯಾರೂ ಇಲ್ಲ.
ದುಡ್ಡು ಹಾಕುವುದು ಹೇಗೆಂದರೆ ಮೂರೇ ಸೆಕೆಂಡಿಗೆ ಉತ್ತರ,
ಜೊತೆಗೊಂದು ನಗುಮುಖ.
ಖಾತೆ ಮುಚ್ಚುವುದು ಹೇಗೆಂದೆ.
ಮೂರನೆಯ ದಿನ ಬಂದಳು:
ನಿಮ್ಮನ್ನು ಕಳೆದುಕೊಳ್ಳಲು ಮನಸ್ಸಿಲ್ಲ ನಮಗೆ.
ನಾನೇ ಹುಡುಕಿದೆ. ಏಳು ಪರದೆ ದಾಟಿ,
ಬೂದಿಯ ಮೇಲೆ ಬೂದಿಬಣ್ಣದಲ್ಲಿ,
ಸಾಸಿವೆಯಷ್ಟು ಅಕ್ಷರದಲ್ಲಿ ಇತ್ತು ಬಾಗಿಲು.
ಬರುವಾಗ ಮಾತ್ರ ಬಾಗಿಲೇ ಇರಲಿಲ್ಲ,
ಬಯಲಿತ್ತು.

ಏಳೂ ಪರದೆಗಳನ್ನು ಒಂದೊಂದಾಗಿ ಬರೆದು ಕಳಿಸಿದೆ.
ದ್ವೀಪದವನು ಉತ್ತರಿಸಿದ:
ಈ ಪ್ಯಾರಾ ಉದ್ದವಾಯಿತು, ತೆಗೆದಿದ್ದೇನೆ.
ಸ್ವಾಹಿಲಿ ಅನುವಾದ ಇನ್ನೂ ಸುಧಾರಿಸಬೇಕು ಅಂತ ಹಾಕು.
ದೋಷವೂ ಇರಲಿ, ಇಲ್ಲದಿದ್ದರೆ ಜನ ನಂಬುವುದಿಲ್ಲ.
ಹೌದು. ಮುದ್ದು ಕೂಸಿನ ಕೆನ್ನೆಗೆ
ದೃಷ್ಟಿಬೊಟ್ಟಿನಷ್ಟು.
ಒಟ್ಟು ನಾಲ್ಕೂವರೆ.
ಆ ಅರ್ಧವನ್ನು ಕಳೆದದ್ದು ನಾನು,
ಅಷ್ಟಕ್ಕೇ ನನ್ನ ಅಧಿಕಾರ.

ನಿನ್ನೆ ಸಂಜೆ ಓಡೆನ್ಯೊ ಬಂದ. ಬೋಡಾ ಓಡಿಸುವವನು,
ಈಗ ನಡೆದುಕೊಂಡು ಬಂದ.
ಬೈಕೆಲ್ಲಿ ಎಂದು ನಾನು ಕೇಳಲಿಲ್ಲ.
"ಯಾರೋ ತಿಳಿದವರೇ ಬರೆದದ್ದು ನೋಡು," ಎಂದು
ಫೋನು ಚಾಚಿದ.
ನನ್ನ ವಾಕ್ಯಗಳು ಅವನ ಅಂಗೈಯಲ್ಲಿ ಹೊಳೆಯುತ್ತಿದ್ದವು.
"ಎಲ್ಲ ಬರೆದಿದ್ದಾರೆ ಪುಣ್ಯಾತ್ಮರು.
ಹೊರಗೆ ಹೋಗುವುದು ಹೇಗೆಂದು ಮಾತ್ರ ಇಲ್ಲ."

ಕೊಡು ಇಲ್ಲಿ, ಎಂದೆ.
ಕತ್ತಲೆಯಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಹೋಗುವಂತೆ
ಬೆರಳು ತಾನಾಗಿ ಹೋಯಿತು.
ಒಂದು, ಎರಡು, ಐದು, ಏಳು.
"ನೀನೂ ಆಡುತ್ತೀಯಾ?" ಎಂದ.
ಅವನ ದನಿಯಲ್ಲಿ ಇದ್ದದ್ದು ಕನಿಕರ.
ಇಲ್ಲ ಎನ್ನಲು ಬಾಯಿ ತೆರೆದೆ,
ಬೇರೇನೂ ಹೊಳೆಯದೆ ಮುಚ್ಚಿದೆ.

ಖಚಿತವೇ? ಎಂದು ಪರದೆ ಕೇಳುತ್ತಿತ್ತು.
ಒತ್ತುವವನು ನೀನೇ ಆಗಬೇಕು ಎಂದು
ಫೋನನ್ನು ಅವನ ಕೈಗಿಟ್ಟೆ.
ಹೆಬ್ಬೆರಳು ಎತ್ತಿದ. ಇಳಿಸಲಿಲ್ಲ.
ಕೆರೆಯ ಕಡೆಯ ಗಾಳಿ ಬೀಸಿ
ಮೇಜಿನ ಮೇಲಿನ ಕಾಗದ ಸರಿಯಿತು.

ಅಷ್ಟರಲ್ಲಿ ಮರ್ಸಿ ಬಂದಳು,
ಐವತ್ತು ಶಿಲಿಂಗು ಉಚಿತ ಹಿಡಿದುಕೊಂಡು.
ಮೂರು ಸೆಕೆಂಡೂ ಆಗಿರಲಿಲ್ಲ.