ಕೊಬ್ಬರಿ ತಕ್ಕಡಿ

ಚಿಕಿತ್ಸಾಲಯದ ತಕ್ಕಡಿ ನೂರೈವತ್ತಕ್ಕೇ ನಿಂತುಬಿಡುತ್ತದೆ.
ಅದಕ್ಕೇ ತಿಂಗಳಿಗೊಂದು ಬುಧವಾರ
ನೆಯಾಫುವಿನ ಹಳೆಯ ಧಕ್ಕೆಗೆ ನಡೆಯುತ್ತೇವೆ,
ಕೊಬ್ಬರಿ ಮೂಟೆ ತೂಗುತ್ತಿದ್ದ ಕಬ್ಬಿಣದ ಹಲಗೆಗೆ.
ಕೊಬ್ಬರಿ ಕೊಳ್ಳುವವರು ಬರುವುದು ನಿಂತು ಎಷ್ಟೋ ಕಾಲ.
ಮುಳ್ಳು ಮಾತ್ರ ಇನ್ನೂ ಸುಳ್ಳು ಕಲಿತಿಲ್ಲ.

ಹೆಂಗಸರು ಸೊಂಟಕ್ಕೆ ಸುತ್ತಿದ ಚಾಪೆ ಬಿಚ್ಚಿಟ್ಟು
ಒಬ್ಬೊಬ್ಬರೇ ಹತ್ತುತ್ತಾರೆ.
"ಆಕೆಸಾ, ಇವತ್ತು ಮೂಟೆಗೆಷ್ಟು ದರ?"
ಧಕ್ಕೆ ಅಲುಗುವಷ್ಟು ನಗು.
ಈ ದ್ವೀಪದಲ್ಲಿ ಮೈತುಂಬಿದವಳೇ ಮನೆ ತುಂಬಿದವಳು,
ಮುಂದಿಟ್ಟ ತಟ್ಟೆ ಸರಿಸಿದರೆ
ನೆಂಟಸ್ತನವನ್ನೇ ಸರಿಸಿದ ಹಾಗೆ.
ನಾನೂ ಹಾಗೇ ಬೆಳೆದವಳು;
ಅಂಕಿ ಬರೆದುಕೊಳ್ಳುವಾಗ
ಯಾರ ಮುಖವನ್ನೂ ನೋಡುವುದಿಲ್ಲ.

ಕೊನೆಗೆ ಬಂದಳು ಲೋಸಲೀನೆ,
ಇಗರ್ಜಿಯ ಮೇಳದ ಕೆಳದನಿ, ಐವತ್ತೊಂಬತ್ತು.
ನಗಲಿಲ್ಲ. ಹಲಗೆಯಿಳಿಯುತ್ತ ಕಿವಿಯ ಹತ್ತಿರ ಅಂದಳು:
"ಮುಟ್ಟು ನಿಂತು ಏಳು ವರ್ಷ.
ಹೋದ ತಿಂಗಳಿಂದ ಮತ್ತೆ ಕಲೆ.
ಹರೆಯ ತಿರುಗಿ ಬಂತೇನೋ."

ಪುಸ್ತಕದ ಮಾತು ಬಾಯಲ್ಲಿ ಕಲ್ಲಾಯಿತು.
ಧಕ್ಕೆಯಂಚಿನಲ್ಲಿ ಕೂರಿಸಿ, ತೋಚಿದ ಹಾಗೆ ಹೇಳಿದೆ:
ಕೊಬ್ಬಿಗೂ ಒಂದು ಅಡುಗೆಮನೆಯಿದೆ, ಲೋಸಲೀನೆ.
ಅಂಡಾಶಯ ಒಲೆಯಾರಿಸಿ ಮಲಗಿದ ಮೇಲೂ
ಅಲ್ಲಿ ಸಣ್ಣ ಉರಿಯಲ್ಲಿ
ಹೆಣ್ಣುರಸ ಕುದಿಯುತ್ತಲೇ ಇರುತ್ತದೆ.
ಗರ್ಭಕೋಶಕ್ಕೆ ದಿನವೂ ಸುದ್ದಿ:
ನೆಂಟರು ಬರುತ್ತಾರೆ, ಹಾಸಿಗೆ ಹಾಸು.
ಅದು ಹಾಸುತ್ತದೆ. ಯಾರೂ ಬರುವುದಿಲ್ಲ.
ಮಡಿಸಿಡು ಎನ್ನುವವರೂ ಇಲ್ಲ.
ಹಾಸಿಗೆಯ ಮೇಲೆ ಹಾಸಿಗೆ, ಅದರ ಮೇಲಿನ್ನೊಂದು.
ಸಕ್ಕರೆ ಹೊತ್ತು ಕದ ತಟ್ಟಿ ತಟ್ಟಿ
ಕಿವುಡು ಮನೆಗಳ ಮುಂದೆ ಇನ್ಸುಲಿನ್ ಕೂಗುತ್ತದೆ,
ಕೂಗು ಕೇಳಿದ ಮನೆಗಳಲ್ಲಿ ಎಲ್ಲವೂ ಬೆಳೆಯುತ್ತದೆ,
ಬೆಳೆಯಬಾರದ್ದೂ.
ಒಂದು ದಿನ ಯಾವುದೋ ಎಳೆ ಲೆಕ್ಕ ತಪ್ಪಿ
ತನ್ನ ಪಾಡಿಗೆ ತಾನು ನೇಯತೊಡಗುತ್ತದೆ.

ಅವಳು ಕಡಲು ನೋಡುತ್ತಿದ್ದಳು.
"ಹಾಗಾದರೆ ನಾನು ತಿಂದದ್ದೇ."
ಅಲ್ಲ ಎನ್ನಲಾರೆ, ಹೌದೆನ್ನಲೂ ಆರೆ.
ನನ್ನಮ್ಮ ತೆಂಗಿನ ಕಡ್ಡಿಯಂತಿದ್ದಳು,
ಅವಳನ್ನೂ ಇದೇ ಒಯ್ದಿತು.
ಅಂಕಿಅಂಶಕ್ಕೆ ಊರು ಗೊತ್ತು,
ಒಬ್ಬಳ ಹೆಸರು ಗೊತ್ತಿಲ್ಲ.

ಎದುರಿಗೆ ಆಗಲೇ ಹಡಗು.
ಪೆಟ್ಟಿಗೆ ಪೆಟ್ಟಿಗೆ ಇಳಿಯುತ್ತಿತ್ತು ಸಿಪಿ,
ಕುರಿಪಕ್ಕೆಯ ಕೊಬ್ಬಿನ ಪದರು;
ಕುರಿ ಸಾಕಿದವರು ತಟ್ಟೆಗಿಡಲೊಲ್ಲದ ತುಂಡು.
ನಮ್ಮ ಮೀನು ಮಂಜುಗಡ್ಡೆ ಹೊದ್ದು
ಅದೇ ಹಡಗಿನಲ್ಲಿ ಅತ್ತ ಹೋಗುತ್ತದೆ.
ಮೀನಿಗಿಂತ ಸಿಪಿ ಅಗ್ಗ.
ಎಂಟು ಬಾಯಿಗಳ ಮನೆಯಲ್ಲಿ
ಈ ಲೆಕ್ಕಕ್ಕೆ ತಕ್ಕಡಿ ಬೇಕಿಲ್ಲ.

ರಾತ್ರಿಯ ಹಡಗಿಗೆ ಹತ್ತಿಸಿ ರಾಜಧಾನಿಗೆ ಕಳಿಸಿದೆ.
ಮೊದಲನೇ ಹಂತ, ಅಂದರಂತೆ ಅಲ್ಲಿ.
ಗೋಡೆ ದಾಟಿರಲಿಲ್ಲ.

ನಾಲ್ಕನೇ ಬುಧವಾರ ಮತ್ತೆ ಬಂದಳು.
ಮುಳ್ಳು ನಾಲ್ಕು ಕಿಲೋ ಹಿಂದಕ್ಕೆ ಸರಿದಿತ್ತು.
"ಒಂದು, ತೆಗೆದುಹಾಕಿದ ಗರ್ಭಕೋಶದ್ದಿರಬೇಕು,
ಮಿಕ್ಕಿದ್ದು ಆಸ್ಪತ್ರೆಯ ಸಾರಿನ ಪುಣ್ಯ!"
ಸಿಪಿ ಈಗ ಭಾನುವಾರಕ್ಕೆ ಮಾತ್ರ ಎಂದಳು,
ಗಂಡ ಪೌಲಾಸಿ ಗೊಣಗುತ್ತಾನೆಂದಳು,
ಮಿಕ್ಕ ದಿನ ಕೆಸುವಿನೆಲೆಯೊಳಗೆ
ಮೊಮ್ಮಗ ಹಿಡಿದು ತಂದ ಸಣ್ಣ ಮೀನು.
ಖಾಲಿ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ ಸೊಪ್ಪು ನೆಟ್ಟಿದ್ದಾಳೆ.
ಸಂಜೆ ಮೇಳದವರೊಂದಿಗೆ ಗುಡ್ಡ ಹತ್ತುತ್ತಾಳೆ,
ಹಾಡುತ್ತ, ಸಾಲಿನ ನಡುವೆಯೇ ಉಸಿರು ಕಟ್ಟಿ ನಿಲ್ಲುತ್ತ.
ಅದು ತಿರುಗಿ ಬರುವುದಿಲ್ಲ ತಾನೆ, ಎಂದು ಕೇಳಲಿಲ್ಲ.
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಬದಲಿಗೆ ನನ್ನ ಪುಸ್ತಕ ಕಸಿದುಕೊಂಡಳು.
"ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೀ.
ನಿನ್ನದು ಯಾವ ಪುಟ?"

ಚಪ್ಪಲಿ ಬಿಟ್ಟೆ. ಕಬ್ಬಿಣ ಬಿಸಿಲಿಗೆ ಕಾದಿತ್ತು.
ಮುಳ್ಳು ಅತ್ತ ಓಡಿ, ಇತ್ತ ಬಂದು, ನಡುಗಿ ನಿಂತದ್ದು
ಅಂಗಾಲಿಗೇ ತಿಳಿಯಿತು. ನೋಡಲಿಲ್ಲ.
ಅವಳು ತನ್ನ ಆ ಕೆಳದನಿಯಲ್ಲಿ,
ಹಡಗಿನವರೂ ತಲೆಯೆತ್ತುವಂತೆ,
ಓದಿದಳು.