ಮೂರು ಗಂಟೆಗೆ ಸಾಯುವವನು

ತಂಗಿ ಬೊಝೆನಾ ಜೂಡೋ ಕಲಿಸುತ್ತಾಳೆ.
ಅವಳ ಬಿಳಿ ಅಂಗಿ ಕಂಡರೆ
ಮಾಂಸದಂಗಡಿಯವನೂ ದನಿ ತಗ್ಗಿಸುತ್ತಾನೆ,
ತಾಯಂದಿರು ಮಕ್ಕಳ ಮೂಗೊರೆಸಿ ಒಳಗೆ ಕಳಿಸುತ್ತಾರೆ:
ಮನಸ್ಸು ಹದಕ್ಕೆ ಬರಲಿ ಎಂದು.
ಮನೆಗೆ ಬಂದವಳು ರೇಡಿಯೋ ಮೇಲೆ ರೇಗುತ್ತಾಳೆ.

ನಾನು ಹದಿಮೂರು ಕಿಲೋ ಉಂಗುರಗವಚ ತೊಟ್ಟು
ಓಲೊಮೌತ್ಸ್‌ನ ಟ್ರಾಮ್ ಹತ್ತಿದರೆ
"ತಗಡೇನಪ್ಪಾ?" ಎನ್ನುತ್ತಾರೆ.
ಹತ್ತೊಂಬತ್ತು ಸಾವಿರ ಉಂಗುರ. ಎರಡು ಚಳಿಗಾಲ.
ಇಕ್ಕಳ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳನ್ನು
ಜೇಬಿಗಿಳಿಸಲು ಹೋಗುತ್ತೇನೆ. ಜೇಬಿಲ್ಲ,
ಆ ಶತಮಾನದಲ್ಲಿ.

ಭಾನುವಾರ, ಮೂರಕ್ಕೆ ಸರಿಯಾಗಿ, ಸಾಯುತ್ತೇನೆ.
ಕೊಲ್ಲುವವನು ಕ್ವಿಡೊ, ಹಲ್ಲಿನ ಡಾಕ್ಟರು.
ಮೊಂಡು ಕತ್ತಿಯೇ; ಆದರೂ ಹೋದ ವರ್ಷ
ಎರಡು ಪಕ್ಕೆಲುಬು ನಿಜವಾಗಿ ಮುರಿದವು.
ಜನ ಚಪ್ಪಾಳೆ ತಟ್ಟಿದರು: ಎಂಥಾ ನಟನೆ!
ಬೀಳುವುದನ್ನು ಕಲಿಸಿದವಳು ತಂಗಿ.
ಅದನ್ನು ಯಾರೂ ಕೇಳುವುದಿಲ್ಲ.

ಸತ್ತವರು ಅಲುಗಬಾರದು, ನಮಗಿರುವುದು ಅದೊಂದೇ ನಿಯಮ.
ಹುಲ್ಲಿಗೆ ಕೆನ್ನೆಯೊತ್ತಿ ಬಿದ್ದಿರುತ್ತೇನೆ.
ಕಿವಿಯ ಮೇಲೆ ಇರುವೆ. ಎಲ್ಲಿಂದಲೋ
ಸಾಸೇಜ್ ಸುಡುವ ವಾಸನೆ.
ಇದೇ ಹೊಲದಲ್ಲಿ, ಇದೇ ಮಗ್ಗುಲಲ್ಲಿ, ಯಾರೋ ಒಬ್ಬ
ಎಂದುಕೊಳ್ಳುವಷ್ಟರಲ್ಲಿ

ಹಗ್ಗದಾಚೆಯಿಂದ ಒಂದು ಮಗು:
"ಅಮ್ಮಾ, ಇವನು ಉಸಿರಾಡ್ತಿದಾನೆ!"

ಉಸಿರು ಬಿಗಿಹಿಡಿಯುತ್ತೇನೆ.
ಪಕ್ಕೆ ನೋಯುತ್ತದೆ.